ಗ್ರೇಟ್ ಬ್ಯಾರಿಯರ್ ರೀಫ್ ಸತ್ತಿದೆಯಾ, ಚಿಗುರಿದೆಯಾ? ಯಾವ ಸುದ್ದಿಯನ್ನು ನಂಬಬೇಕು?

ನೀವು ಎರಡು ಸುದ್ದಿ ಹಾಕಿದ್ದೀರಿ. ಆಸ್ಟ್ರೇಲಿಯಾದ ಹವಳದ ದಿಬ್ಬ ಸತ್ತೇ ಹೋಯಿತು ಅಂತ ಒಂದು. 36 ವರ್ಷಗಳಲ್ಲೇ ಅತಿ ಹೆಚ್ಚು ಹವಳ ಅಂತ ಇನ್ನೊಂದು. ಮುಂದಿನ ವರ್ಷ ಮನೆಯವರನ್ನೆಲ್ಲ ದಿಬ್ಬದ ಹತ್ತಿರದ ಊರು ಕೇರ್ನ್ಸ್‌ಗೆ ಕರೆದುಕೊಂಡು ಹೋದರೆ ದುಡ್ಡು ದಂಡವಾ ಅಂತಲೂ ಕೇಳಿದ್ದೀರಿ.

ನಾನು ವಿಜ್ಞಾನಿ ಅಲ್ಲ, ಮಂಗಳೂರಿನವನು. ಕೇರ್ನ್ಸ್‌ನಲ್ಲಿ ಓದುವಾಗ ಖರ್ಚಿಗೆ ಅಂತ ಒಂದು ಪ್ರವಾಸಿ ಬೋಟಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅದು 2016 ಮತ್ತು 2017. ಸಮುದ್ರ ಬಿಸಿಯಾಗಿ ದಿಬ್ಬಕ್ಕೆ ಒಂದರ ಬೆನ್ನಿಗೆ ಒಂದು ಜ್ವರ ಬಂದ ವರ್ಷಗಳು.

2017ರ ಬೇಸಿಗೆಯ ಕೊನೆಯಲ್ಲಿ ಒಂದು ದಿನ ನೀರಿಗಿಳಿದವರೆಲ್ಲ ಕುಣಿಯುತ್ತಾ ಮೇಲೆ ಬಂದರು. ಕೆಲವು ಹವಳಗಳು ಒಳಗೆ ಬಲ್ಬ್ ಹಾಕಿದಂತೆ ನೀಲಿ, ನೇರಳೆ, ಹಳದಿ ಹೊಳೆಯುತ್ತಿದ್ದವು. ನಾನೂ ಫೋಟೋ ತೆಗೆದು ಮನೆಗೆ ಕಳಿಸಿದೆ. ನಮ್ಮ ಗೈಡ್ ಮಾತ್ರ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಅವನು ಹೇಳಿದ ಮೇಲೇ ಗೊತ್ತಾಗಿದ್ದು, ಅದು ಬಿಳಿಚಿಕೊಳ್ಳುವ ಮೊದಲಿನ ಬಣ್ಣ.

ಹವಳದ ಮೈಯೊಳಗೆ ಸಣ್ಣ ಸಣ್ಣ ಪಾಚಿಗಳಿರುತ್ತವೆ. ಬಿಸಿಲಲ್ಲಿ ಅವು ಅಡುಗೆ ಮಾಡುತ್ತವೆ, ಹವಳಕ್ಕೆ ಬೇಕಾದ ಆಹಾರದಲ್ಲಿ ನೂರಕ್ಕೆ 90 ಭಾಗದವರೆಗೂ ಅವೇ ಕೊಡುತ್ತವೆ. ಬೇಸಿಗೆಯ ಮಾಮೂಲಿ ಬಿಸಿಗಿಂತ ನೀರು ಒಂದೇ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಇದೇ ಪಾಚಿ ವಿಷ ಕಾರತೊಡಗುತ್ತದೆ. ಹವಳ ಅದನ್ನು ಹೊರಗೆ ಹಾಕುತ್ತದೆ. ಆಗ ತಿಳಿ ಮೈಯೊಳಗಿನ ಸುಣ್ಣದ ಬಿಳಿ ಕಾಣುತ್ತದೆ. ಕೆಲವು ಜಾತಿಗಳು ಬಿಸಿಲಿನಿಂದ ಮೈ ಉಳಿಸಿಕೊಳ್ಳಲು ಗಾಢ ಬಣ್ಣ ಮಾಡಿಕೊಳ್ಳುತ್ತವೆ. ನಾವು ಫೋಟೋ ತೆಗೆದದ್ದು ಅದರದ್ದು. ಬಿಳಿಚಿದ ಹವಳ ಇನ್ನೂ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಣಿದರೆ ಬದುಕುತ್ತದೆ. ಇಲ್ಲದಿದ್ದರೆ ಮೇಲೆ ಲೋಳೆ ಪಾಚಿ ಕೂರುತ್ತದೆ, ಅಲ್ಲಿಗೆ ಮುಗಿಯಿತು.

2016ರಲ್ಲಿ ಒಂಬತ್ತು ತಿಂಗಳೊಳಗೆ ದಿಬ್ಬದ ಆಳವಿಲ್ಲದ ಜಾಗದ ಹವಳದಲ್ಲಿ ಸುಮಾರು 30 ಭಾಗ ಸತ್ತಿತು. ಜಾಸ್ತಿ ಪೆಟ್ಟು ಬಿದ್ದದ್ದು ಉತ್ತರದ ತುದಿಗೆ. ಅದೇ ಅಕ್ಟೋಬರ್‌ನಲ್ಲಿ ಅಮೆರಿಕದ ಒಂದು ಪತ್ರಿಕೆ ದಿಬ್ಬಕ್ಕೆ ಶ್ರದ್ಧಾಂಜಲಿ ಬರೆಯಿತು. ಅದು ಎಷ್ಟು ಹರಿದಾಡಿತೆಂದರೆ, ಟಿಕೆಟ್ ತೆಗೆದುಕೊಂಡು ಬೋಟು ಹತ್ತಿದವರೇ "ಸತ್ತಿದೆಯಂತಲ್ಲ?" ಅಂತ ನಮ್ಮನ್ನು ಕೇಳುತ್ತಿದ್ದರು. ಬಿಳಿಚುವಿಕೆ ಅನ್ನುವ ಮಾತೇ ಎತ್ತಬೇಡಿ ಅಂತ ನಮ್ಮ ಯಜಮಾನರು ತಾಕೀತು ಮಾಡಿದರು. ಆಗ ಸಿಟ್ಟು ಬಂದಿತ್ತು. ಈಗ ಅರ್ಧ ಅರ್ಥವಾಗುತ್ತದೆ. ದಿಬ್ಬ 2,300 ಕಿಲೋಮೀಟರ್ ಉದ್ದವಿದೆ. ಒಂದು ಕಡೆ ಸತ್ತಾಗ ಇನ್ನೊಂದು ಕಡೆ ಚೆನ್ನಾಗೇ ಇತ್ತು.

ಇನ್ನು ಎರಡನೆಯ ಸುದ್ದಿ. ಅದೂ ಸುಳ್ಳಲ್ಲ. ಆಸ್ಟ್ರೇಲಿಯಾದ ಸರ್ಕಾರಿ ಕಡಲ ವಿಜ್ಞಾನ ಸಂಸ್ಥೆ 1980ರ ದಶಕದಿಂದ ಹವಳ ಅಳೆಯುತ್ತಿದೆ. ಅಳೆಯುವ ರೀತಿ ನೋಡಲು ಮಜವಾಗಿದೆ. ಸಣ್ಣ ದೋಣಿಯ ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಹಲಗೆ, ಹಲಗೆ ಹಿಡಿದುಕೊಂಡು ಒಬ್ಬ ಮನುಷ್ಯ. ಎರಡು ನಿಮಿಷ ಎಳೆಯುತ್ತಾರೆ, ನಿಲ್ಲುತ್ತಾರೆ, ಕೆಳಗೆ ನೂರಕ್ಕೆ ಎಷ್ಟು ಭಾಗ ಜೀವಂತ ಹವಳ ಕಂಡಿತು ಅಂತ ಅವನು ಬರೆದುಕೊಳ್ಳುತ್ತಾನೆ. ಹೀಗೇ ದಿಬ್ಬದ ಸುತ್ತ. 2022ರಲ್ಲಿ ಉತ್ತರದಲ್ಲಿ 36, ಮಧ್ಯದಲ್ಲಿ 33 ಭಾಗ ಸಿಕ್ಕಿತು. ಆ ಎರಡೂ ಕಡೆ ಅದು ದಾಖಲೆ.

ಅಳತೆ ಸರಿಯೇ. ಆದರೆ ಯಾವ ಹವಳ ಅಂತ ಕೇಳಬೇಕು. ಬೇಗ ಬೇಗ ಮರಳಿ ಬೆಳೆದದ್ದು ಮುಖ್ಯವಾಗಿ ಅಕ್ರೊಪೊರಾ. ಕೊಂಬೆಯಂತೆ, ಮೇಜಿನಂತೆ ಹರಡಿಕೊಳ್ಳುವ ಜಾತಿ. ನಮ್ಮ ಕಡೆ ಗುಡ್ಡಕ್ಕೆ ಅಕೇಶಿಯಾ ನೆಟ್ಟರೆ ಹತ್ತು ವರ್ಷದಲ್ಲಿ ಹಸಿರೋ ಹಸಿರು, ಅಲ್ವಾ? ಮೇಲಿನಿಂದ ನೋಡಿದವರು ಕಾಡು ಅಂತಲೇ ಬರೆದುಕೊಳ್ಳುತ್ತಾರೆ. ಹೋಲಿಕೆ ಪೂರ್ತಿ ಸರಿಯಿಲ್ಲ, ಅಕ್ರೊಪೊರಾ ಅಲ್ಲಿಯದೇ ಜಾತಿ, ಹೊರಗಿನಿಂದ ಬಂದದ್ದಲ್ಲ. ಆದರೆ ಬಿಸಿಗೆ ಮೊದಲು ಬೀಳುವುದೂ ಅದೇ, ಚಂಡಮಾರುತಕ್ಕೆ ಮುರಿಯುವುದೂ ಅದೇ. ಮೈತುಂಬ ಮುಳ್ಳಿರುವ ಒಂದು ನಕ್ಷತ್ರ ಮೀನಿದೆ, ಹವಳವೇ ಅದರ ಊಟ. ಅದಕ್ಕೂ ಇದೇ ಇಷ್ಟ. (ಆ ಮೀನನ್ನು ಡೈವರ್‌ಗಳು ಒಂದೊಂದಾಗಿ ಹುಡುಕಿ ವಿನೆಗರ್ ಚುಚ್ಚಿ ಕೊಲ್ಲುತ್ತಾರೆ. ಹೌದು, ಅಡುಗೆಮನೆಯ ವಿನೆಗರ್.)

ಮುಂದೆ ಆಗಿದ್ದೂ ಹಾಗೇ. 2024ರ ಬೇಸಿಗೆಯಲ್ಲಿ ಮತ್ತೆ ದೊಡ್ಡ ಬಿಸಿ. 2025ರ ವರದಿಯಲ್ಲಿ ಉತ್ತರ ಸುಮಾರು 40ರಿಂದ 30ಕ್ಕೆ ಬಿತ್ತು, ದಕ್ಷಿಣ 39ರಿಂದ 27ಕ್ಕೆ. ಅಳೆಯಲು ಶುರು ಮಾಡಿದ ಮೇಲೆ ಆ ಎರಡು ಕಡೆ ಒಂದೇ ವರ್ಷದಲ್ಲಿ ಇಷ್ಟು ಬಿದ್ದದ್ದು ಇದೇ ಮೊದಲು. 2022ರ ದಾಖಲೆಯನ್ನು ಹಂಚಿದವರು ಇದನ್ನು ಹಂಚಿದ್ದು ನಾನಂತೂ ನೋಡಲಿಲ್ಲ.

ಹಾಗಾಗಿ ನಾನು ನೋಡುವುದು ಶೇಕಡಾ ಲೆಕ್ಕವನ್ನಲ್ಲ, ಎರಡು ಜ್ವರದ ನಡುವೆ ಎಷ್ಟು ವರ್ಷ ಸಿಕ್ಕಿತು ಅನ್ನುವುದನ್ನು. ದೊಡ್ಡ ಬಿಳಿಚುವಿಕೆ ಆದ ವರ್ಷಗಳು: 1998, 2002, 2016, 2017, 2020, 2022, 2024, 2025. 2002ರ ನಂತರ ಹದಿನಾಲ್ಕು ವರ್ಷ ಬಿಡುವಿತ್ತು. ಈಗ ಎರಡು ವರ್ಷ ಸಿಕ್ಕರೆ ಪುಣ್ಯ. ನಿಧಾನ ಬೆಳೆಯುವ ಗುಂಡು ಹವಳಕ್ಕೆ ಅಷ್ಟರಲ್ಲಿ ಏನಾಗುತ್ತದೆ?

ಮನುಷ್ಯರ ಪಾತ್ರ ಎಷ್ಟು ಅನ್ನುವುದೇ ಅಲ್ಲಿನ ನಿಜವಾದ ಜಗಳ. ದಿಬ್ಬದ ಎದುರಿನ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಕಬ್ಬು ಬೆಳೆಯುವವರಿದ್ದಾರೆ, ದನ ಮೇಯಿಸುವವರಿದ್ದಾರೆ. ಗದ್ದೆಯ ಗೊಬ್ಬರ, ಗುಡ್ಡದ ಮಣ್ಣು ಮಳೆನೀರಿನ ಜೊತೆ ಸಮುದ್ರ ಸೇರುತ್ತದೆ. 2019ರಲ್ಲಿ ಸರ್ಕಾರ ಕಾನೂನು ಬಿಗಿ ಮಾಡಿದಾಗ ರೈತರು ಸಿಟ್ಟಾದರು. ಅದೇ ರಾಜ್ಯ, ಸುಟ್ಟರೆ ಭೂಮಿಯನ್ನೇ ಬಿಸಿ ಮಾಡುವ ಕಲ್ಲಿದ್ದಲು ಮಾರಿ ಬದುಕುತ್ತದೆ. ನಮ್ಮ ಅದಾನಿಯವರ ಕಾರ್ಮೈಕಲ್ ಗಣಿಯೂ ಅಲ್ಲೇ ಇದೆ. ಕಲ್ಲಿದ್ದಲಿನ ಹಡಗುಗಳು ದಿಬ್ಬದ ನಡುವೆಯೇ ಹಾದುಹೋಗುತ್ತವೆ. ಗೊಬ್ಬರ ಬಳಸುವವನಿಗೆ ದಂಡ, ಕಲ್ಲಿದ್ದಲಿಗೆ ರತ್ನಗಂಬಳಿ ಅಂತ ಕಬ್ಬಿನವರು ಗೊಣಗಿದರೆ ನನಗೆ ತಪ್ಪು ಅನ್ನಿಸುವುದಿಲ್ಲ.

ಪೀಟರ್ ರಿಡ್ ಹೆಸರು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ದಿಬ್ಬದ ಸಂಶೋಧನೆಯನ್ನು ಸರಿಯಾಗಿ ಪರೀಕ್ಷಿಸುತ್ತಿಲ್ಲ ಅಂದ ಪ್ರೊಫೆಸರ್. 2018ರಲ್ಲಿ ಜೇಮ್ಸ್ ಕುಕ್ ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆಯಿತು. 2021ರಲ್ಲಿ ಅಲ್ಲಿನ ಹೈಕೋರ್ಟ್‌ನಲ್ಲಿ (ಆ ದೇಶಕ್ಕೆ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟ್) ಅವರು ಸೋತರು. ಹವಳದ ಬಗ್ಗೆ ಕೋರ್ಟ್ ತೀರ್ಪು ಕೊಟ್ಟಿತು ಅಂತ ಎರಡೂ ಕಡೆಯವರು ಸುಮ್ನೆ ಹೇಳಿಕೊಂಡು ತಿರುಗುತ್ತಾರೆ. ಕೇಸು ಇದ್ದದ್ದು ನೌಕರಿಯ ನಿಯಮ ಮತ್ತು ಮಾತಾಡುವ ಹಕ್ಕಿನ ಬಗ್ಗೆ.

ಗೊಬ್ಬರವೇ ಮುಖ್ಯ ಕಾರಣವಾ, ಬಿಸಿಯಾ ಅಂತ ಯಾರಾದರೂ ಕೇಳಿದರೆ ನಾನು ಲಕ್ಷದ್ವೀಪ ತೋರಿಸುತ್ತೇನೆ. ನಮ್ಮೂರಿನ ಹಳೇ ಬಂದರಿನಿಂದ ಜಲ್ಲಿ, ಸಿಮೆಂಟು ಹೊತ್ತು ಮಂಜಿ ಅನ್ನುವ ಸರಕಿನ ದೋಣಿಗಳು ಹೋಗುತ್ತವಲ್ಲ, ಆ ದ್ವೀಪಗಳು. ಅಲ್ಲಿ ಹೊಳೆಯಿಲ್ಲ, ಕಬ್ಬಿನ ಗದ್ದೆಯಿಲ್ಲ. ಆದರೂ 1998, 2010, 2016, 2024ರಲ್ಲಿ ಹವಳ ಬಿಳಿಚಿತು. ಹೊಲಸು ನೀರು ಚೇತರಿಕೆಗೆ ಅಡ್ಡಿ ಮಾಡುತ್ತದೆ, ನಿಜ. ಜ್ವರ ತರುವುದು ಬಿಸಿ.

ಪ್ರವಾಸದ ವಿಷಯ: ಹೋಗಿ. ನೋಡಲು ಇನ್ನೂ ಬೇಕಾದಷ್ಟಿದೆ. ಜೂನ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ನವೆಂಬರ್ ಬಂದರೆ ಕಚ್ಚುವ ಲೋಳೆಮೀನಿನ ಕಾಟ, ಮೈತುಂಬ ಸೂಟ್ ಹಾಕಿಕೊಂಡೇ ಇಳಿಯಬೇಕು. ಬೋಟಿನ ಹುಡುಗರನ್ನು "ಹೋದ ವರ್ಷ ಇಲ್ಲಿ ಹೇಗಿತ್ತು?" ಅಂತ ಒಮ್ಮೆ ಕೇಳಿ ನೋಡಿ. ಯಜಮಾನರು ಪಕ್ಕದಲ್ಲಿ ಇಲ್ಲದಾಗ.