ಪೆನ್ನಿನಲ್ಲಿ ಗುಳ್ಳೆ ಏಕೆ?

ಪ್ರಶ್ನೆ: ಹಲಸಿನ ಮರದ ತುಂಡಿಗೆ ನೀಲಿ ಎಪಾಕ್ಸಿ ರೆಸಿನ್ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಅಂಟು) ಹೊಯ್ದು ಪೆನ್ನು ಮಾಡುತ್ತೇನೆ. ಲೇತ್‌ನಲ್ಲಿ (ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಕಡೆದಾಗ ಎರಡೂ ಸೇರುವ ಗೆರೆಯುದ್ದಕ್ಕೂ ಸಣ್ಣ ತೂತುಗಳು ಕಾಣುತ್ತವೆ. ಏನು ಮಾಡಲಿ? – ಓದುಗರು, ಉಡುಪಿ

ಉತ್ತರ: ಅದು ಮರದೊಳಗಿನ ಗಾಳಿ ಮಾರಾಯ್ರೇ. ರೆಸಿನ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಆ ಬಿಸಿಗೆ ಗಾಳಿ ಹಿಗ್ಗಿ ಹೊರಗೆ ಬಂದು, ದಾರಿ ಸಿಗದೆ ಅಲ್ಲೇ ಗುಳ್ಳೆಯಾಗಿ ಉಳಿಯುತ್ತದೆ. ಮೊದಲು ಮರಕ್ಕೆ ತೆಳುವಾಗಿ ಅದೇ ಎಪಾಕ್ಸಿ ಬಳಿಯಿರಿ, ಬೆರಳಿಗೆ ಅಂಟುವ ಹದಕ್ಕೆ ಬಂದ ಮೇಲೆ ಉಳಿದದ್ದನ್ನು ಹೊಯ್ಯಿರಿ.

ಆದರೆ ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಜಾಸ್ತಿ ತಲೆನೋವು ತೇವದ್ದು. ಮಳೆಗಾಲದಲ್ಲಿ ಅಟ್ಟದ ಮರವೂ ಪೂರ್ತಿ ಒಣಗಿರುವುದಿಲ್ಲ, ಅಲ್ವಾ? ಎಪಾಕ್ಸಿ ಬಳಿಯುವ ಮೊದಲೇ ತುಂಡನ್ನು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಓವನ್‌ನಲ್ಲಿಟ್ಟು ಆಗಾಗ ತೂಗಿ ನೋಡಿ, ತೂಕ ಇಳಿಯುವುದು ನಿಂತ ಮೇಲೆ ಜಿಪ್ ಕವರಿಗೆ ಹಾಕಿ ತಣಿಸಿ. ಪಾಲಿಯುರೆಥೇನ್ ಅನ್ನುವ ಇನ್ನೊಂದು ಬಗೆಯ ರೆಸಿನ್ ಅಂತೂ ಮಳೆಗಾಲದಲ್ಲಿ ಬೇಡವೇ ಬೇಡ, ನೀರಿನಂಶ ತಾಗಿದರೆ ನೊರೆ ಬಂದು ಉಬ್ಬುತ್ತದೆ. ಇನ್ನೊಂದು, ಹಲಸಿನ ಹಳದಿ ಬಣ್ಣ ಬರಬರುತ್ತಾ ಕಂದಾಗುತ್ತದೆ, ನೀಲಿ ಆರಿಸುವಾಗ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.