ಪತ್ತೇದಾರಿ ಕಾದಂಬರಿ ಒಂದೇ ರಾತ್ರಿಗೆ ಮುಗಿಯುತ್ತೆ, ಗಂಭೀರ ಕಾದಂಬರಿ ಯಾಕೆ ತಿಂಗಳು ಹಿಡಿಯುತ್ತೆ?

ಎರಡೂ ಹುಟ್ಟಿಸುವ ಕುತೂಹಲವೇ ಬೇರೆ. ಪತ್ತೇದಾರಿ ಕಥೆಯಲ್ಲಿ ‘ಮುಂದೇನಾಯಿತು?’ ಎಂಬ ಪ್ರಶ್ನೆ. ಉತ್ತರವನ್ನು ಪ್ರತಿ ಅಧ್ಯಾಯದ ಕೊನೆಗೆ ತಡೆಹಿಡಿದು ಪುಟ ತಿರುಗಿಸುವಂತೆ ಮಾಡುತ್ತಾರೆ. ಗಂಭೀರ ಕಾದಂಬರಿಯದು ‘ಯಾಕೆ ಹೀಗಾಯಿತು?’

ನಮ್ಮ ಕೋಲಾರ ಜಿಲ್ಲೆಯ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ನೋಡಿ. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾಯಿತು ಎಂಬುದು ಇತಿಹಾಸ ಬಲ್ಲವರಿಗೆಲ್ಲ ಗೊತ್ತು, ಅಂತ್ಯದಲ್ಲಿ ಗುಟ್ಟೇನಿಲ್ಲ. ಆದರೂ ಪುಸ್ತಕ ಕೆಳಗಿಡಲು ಮನಸ್ಸು ಬಾರದು. ಅರಸ ದಾರಿ ತಪ್ಪುವುದನ್ನು ರಾಣಿ, ಮಂತ್ರಿಗಳು ಕಣ್ಣಾರೆ ಕಂಡೂ ತಡೆಯಲಾರದೆ ಹೋಗುತ್ತಾರೆ. ಅವರ ಸಂಕಟ ನಮ್ಮೊಳಗೆ ಇಳಿಯುವಷ್ಟು ಹೊತ್ತು ಓದು ತಾನಾಗಿಯೇ ನಿಧಾನವಾಗುತ್ತದೆ. ಕೋಲಾರ–ಬೆಂಗಳೂರು ಬಸ್ಸಿನಲ್ಲಿ ದಿನಾ ಓದಿಯೂ ನನಗೆ ಒಂದೂವರೆ ತಿಂಗಳು ಬೇಕಾಯಿತು.

ಹಾಗೆಂದು ಪತ್ತೇದಾರಿ ಕೀಳೇನಲ್ಲ. ನನಗೆ ಓದಿನ ರುಚಿ ಹತ್ತಿಸಿದ್ದೇ ಅದು.