ಸರ್ಕಾರ ಕರೆದರೆ ಫ್ಯಾಕ್ಟರಿ ವಾಪಸ್ ಬರುತ್ತಾ?

ಆಮದು ಸುಂಕ ಹಾಕಿದರೆ, ಸಬ್ಸಿಡಿ ಕೊಟ್ಟರೆ, ಹೊರದೇಶಕ್ಕೆ ಹೋದ ತಯಾರಿಕೆ ನಿಜಕ್ಕೂ ವಾಪಸ್ ಬರುತ್ತಾ, ಇಲ್ಲ ಅದೆಲ್ಲ ಬರೀ ಭಾಷಣಾನಾ ಅಂತ ಕೇಳಿದ್ದೀರಿ. ಬರುತ್ತೆ. ಆದರೆ ಕರೆದ ಕೂಡಲೇ ಬರಲ್ಲ, ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ ಬರುತ್ತೆ.

ನಾನು ಬೆಂಗಳೂರಿನ ಪೀಣ್ಯದ ಒಂದು ಬಿಡಿಭಾಗದ ಕಂಪನಿಯಲ್ಲಿ ಹನ್ನೊಂದು ವರ್ಷ ಪರ್ಚೇಸ್ ನೋಡಿಕೊಂಡಿದ್ದೆ. ಈಗ ಕೊಡಗಿನ ಸಿದ್ದಾಪುರದ ಹತ್ತಿರ ಅಪ್ಪನ ತೋಟದಲ್ಲಿದ್ದೇನೆ, ಕಾಫಿ, ಜೊತೆಗೆ ಸ್ವಲ್ಪ ಕಾಳುಮೆಣಸು. ಪರ್ಚೇಸ್‌ನಲ್ಲಿ ನಮ್ಮ ಕೆಲಸ ಇಷ್ಟೇ. ಚೀನಾದ ಕೊಟೇಶನ್, ಪೀಣ್ಯದ ಕೊಟೇಶನ್ ಪಕ್ಕ ಪಕ್ಕ ಇಟ್ಟುಕೊಂಡು, ಚೀನಾದ ರೇಟಿಗೆ ಹಡಗಿನ ಬಾಡಿಗೆ, ಕಸ್ಟಮ್ಸ್ ಸುಂಕ, ಮಾಲು ದಾರಿಯಲ್ಲಿರುವಷ್ಟು ದಿನದ ಬಡ್ಡಿ ಎಲ್ಲ ಸೇರಿಸಿ, ನಮ್ಮ ಗೋಡೌನ್ ಬಾಗಿಲಿಗೆ ಎಷ್ಟು ಬೀಳುತ್ತೆ ಅಂತ ನೋಡೋದು. ಅಲ್ಲಿ 100 ರೂಪಾಯಿ ಇದ್ದದ್ದು ಇಲ್ಲಿಗೆ ಬರುವಾಗ 118 ಆಯಿತು, ಪೀಣ್ಯದವರು 125 ಹೇಳಿದರು ಅಂತ ಇಟ್ಟುಕೊಳ್ಳಿ, ಆರ್ಡರ್ ಚೀನಾಕ್ಕೆ. ಸುಂಕ ಇನ್ನು ಹತ್ತು ರೂಪಾಯಿ ಏರಿದ ದಿನ ಲೆಕ್ಕ ಉಲ್ಟಾ. ದೇಶಪ್ರೇಮಕ್ಕೆ ಆ ಶೀಟಿನಲ್ಲಿ ಕಾಲಂ ಇರಲಿಲ್ಲ. ಹಾಗಂತ ಆರ್ಡರ್ ಅವತ್ತೇ ಪೀಣ್ಯಕ್ಕೆ ಬಂತು ಅಂದುಕೊಳ್ಳಬೇಡಿ. ಬಾಸ್ ಮೊದಲು ಕೇಳುತ್ತಿದ್ದದ್ದು, "ವಿಯೆಟ್ನಾಂ ರೇಟ್ ತಗೊಂಡ್ಯಾ?"

ಅಮೆರಿಕದ ವಾಷಿಂಗ್ ಮೆಷಿನ್ ಕತೆ ಇದೇ. 2012ರ ಸುಮಾರಿಗೆ ಕೊರಿಯಾ ಮತ್ತು ಮೆಕ್ಸಿಕೋದಿಂದ ಬರುವ ಮೆಷಿನ್ ಮೇಲೆ ಡಂಪಿಂಗ್ ವಿರೋಧಿ ಸುಂಕದ (ತೀರಾ ಕಡಿಮೆ ಬೆಲೆಗೆ ತಂದು ಸುರಿಯುವುದನ್ನು ತಡೆಯುವ ಸುಂಕ) ಕ್ರಮ ಶುರುವಾಯಿತು. ಸ್ಯಾಮ್ಸಂಗ್, ಎಲ್‌ಜಿ ತಯಾರಿಕೆಯನ್ನು ಚೀನಾಕ್ಕೆ ಸಾಗಿಸಿದವು. ಆಮೇಲೆ ಚೀನಾದ ಮೇಲೂ ಸುಂಕ ಬಿತ್ತು, ಥಾಯ್ಲೆಂಡ್, ವಿಯೆಟ್ನಾಂಗೆ ಹೋದವು. 2018ರಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆಯ ಮೆಷಿನ್‌ಗೂ ಸುಂಕ ಹಾಕುವ ಹೊತ್ತಿಗೆ ಓಡಲು ಜಾಗ ಉಳಿದಿರಲಿಲ್ಲ. ಸ್ಯಾಮ್ಸಂಗ್ ಸೌತ್ ಕ್ಯಾರೊಲಿನಾದಲ್ಲಿ, ಎಲ್‌ಜಿ ಟೆನೆಸಿಯಲ್ಲಿ ಫ್ಯಾಕ್ಟರಿ ತೆರೆದವು. (ಕೊರಿಯಾದ ಕಂಪನಿಗಳಿಗೆ ಅಮೆರಿಕ ತವರಲ್ಲ, ನಿಜ. ಆದರೆ ಲೆಕ್ಕ ಅದೇ.) ಇದಕ್ಕೆ ದುಡ್ಡು ಕೊಟ್ಟವರು ಯಾರು? ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ ವಾಷಿಂಗ್ ಮೆಷಿನ್ ಬೆಲೆ ಸುಮಾರು 12 ಶೇಕಡಾ ಏರಿತ್ತು. ಸುಂಕವೇ ಇಲ್ಲದ ಡ್ರೈಯರ್ ಬೆಲೆಯೂ ಏರಿತ್ತು, ಯಾಕಂದ್ರೆ ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಹುಟ್ಟಿದ ಕೆಲಸ ಸುಮಾರು 1,800, ಒಂದೊಂದು ಕೆಲಸಕ್ಕೆ ಗ್ರಾಹಕರು ವರ್ಷಕ್ಕೆ ತೆತ್ತದ್ದು 8 ಲಕ್ಷ ಡಾಲರಿಗೂ ಜಾಸ್ತಿ! ಇನ್ನೊಂದು ತಮಾಷೆ, ಆ ಸುಂಕದ ಅವಧಿ 2023ರಲ್ಲಿ ಮುಗಿಯಿತು, ಫ್ಯಾಕ್ಟರಿಗಳು ಎದ್ದು ಹೋಗಲಿಲ್ಲ. ಅಷ್ಟು ದುಡ್ಡು ಸುರಿದು ಕಟ್ಟಿದ್ದನ್ನು ಸುಮ್ನೆ ಬಿಟ್ಟು ಹೋಗೋದು ಸುಲಭ ಅಲ್ಲ ಅಲ್ವಾ.

ಕೊಡಗಿನವರಿಗೆ ಇದು ಹೊಸದಲ್ಲ, ಮೆಣಸಿನಲ್ಲಿ ನೋಡಿದ್ದೇವೆ. 2017ರ ಸುಮಾರಿಗೆ ವಿಯೆಟ್ನಾಂ ಮೆಣಸು ನೇರವಾಗಿ ಬಂದರೆ 50 ಶೇಕಡಾ ಮೇಲೆ ಸುಂಕ ಇತ್ತು, ಶ್ರೀಲಂಕಾದ್ದು ಅಂತ ಸರ್ಟಿಫಿಕೇಟ್ ಇದ್ದರೆ 8 ಶೇಕಡಾ. ಮಾಲು ಯಾವ ದಾರಿ ಹಿಡಿಯಿತು ಅಂತ ಬೇರೆ ಹೇಳಬೇಕಾ? 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು, ಅಂದ್ರೆ ಅದಕ್ಕಿಂತ ಕಡಿಮೆ ಬೆಲೆಯ ಮೆಣಸು ತರುವ ಹಾಗಿಲ್ಲ. ಆಗ ನಿಜವಾದ ಬೆಲೆ ಕಡಿಮೆ ಇದ್ದರೂ ಬಿಲ್ಲಿನಲ್ಲಿ 500 ಬರೆಸಿಕೊಂಡು ತರುತ್ತಿದ್ದಾರೆ ಅನ್ನೋ ದೂರು ಶುರುವಾಯಿತು. ಮರುರಫ್ತಿಗೆ ತರುವ ಮಾಲಿಗೆ ವಿನಾಯ್ತಿ ಬೇರೆ. ಆಮೇಲೆ ಎರಡು ಸೀಸನ್ ನಾನು ಗೋಣಿಕೊಪ್ಪಕ್ಕೆ ಮೂಟೆ ಹೊತ್ತು ಹೋದಾಗ ಒಂದು ಸಲವೂ 500 ಸಿಗಲಿಲ್ಲ.

ನಮ್ಮ ದೇಶದಲ್ಲಿ ಕೆಲಸ ಮಾಡಿದ ಉದಾಹರಣೆ ಅಂದ್ರೆ ಮೊಬೈಲ್ ಫೋನು. 2018ರಲ್ಲಿ ಆಮದು ಫೋನಿಗೆ 20 ಶೇಕಡಾ ಸುಂಕ, 2019ರಲ್ಲಿ ಹೊಸ ತಯಾರಿಕಾ ಕಂಪನಿಗಳಿಗೆ 15 ಶೇಕಡಾ ಆದಾಯ ತೆರಿಗೆ, 2020ರಲ್ಲಿ ಪಿಎಲ್‌ಐ, ಅಂದ್ರೆ ಹೆಚ್ಚುವರಿ ಮಾರಾಟದ ಮೇಲೆ 4ರಿಂದ 6 ಶೇಕಡಾ ಪ್ರೋತ್ಸಾಹಧನ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬೆಲ್ಲ. ದೇವನಹಳ್ಳಿಯಲ್ಲಿ ತೈವಾನಿನ ಫಾಕ್ಸ್‌ಕಾನ್ ಕಂಪನಿ ಐಫೋನ್ ಜೋಡಿಸುತ್ತಿರುವುದು ಇದರ ಫಲವೇ. "ಜೋಡಿಸುತ್ತಿರುವುದು" ಅಂದೆ, ಗಮನಿಸಿ. ಒಳಗಿನ ಬಿಡಿಭಾಗ ಬಹುಪಾಲು ಈಗಲೂ ಹೊರಗಿಂದ ಬರುತ್ತೆ. ಅದಕ್ಕೇ 2025ರಲ್ಲಿ ಬಿಡಿಭಾಗಗಳಿಗೆ ಅಂತಲೇ 22,919 ಕೋಟಿಯ ಬೇರೆ ಸ್ಕೀಮ್ ತಂದರು. ಜೋಡಣೆ ಬರೋದು ಸುಲಭ, ಡೈ ಅಂದ್ರೆ ಅಚ್ಚು ಮಾಡುವವರು, ಪ್ಲೇಟಿಂಗ್ ಮಾಡುವವರು, ಸಣ್ಣ ಸ್ಪ್ರಿಂಗ್ ಸುತ್ತುವವರು ಎಲ್ಲ ಒಂದೇ ಊರಿನಲ್ಲಿ ನೆಲೆ ನಿಲ್ಲೋದಕ್ಕೆ ವರ್ಷಗಳೇ ಬೇಕು.

ಹೋದ ಜೂನಿನಲ್ಲಿ ಕಳೆ ಕತ್ತರಿಸುವ ನನ್ನ ಮೆಷಿನ್ ಮಳೆಯಲ್ಲಿ ನಿಂತುಹೋಯಿತು. ಮೇಲೆ ದೊಡ್ಡದಾಗಿ ಮೇಡ್ ಇನ್ ಇಂಡಿಯಾ ಸ್ಟಿಕ್ಕರ್. ಕುಶಾಲನಗರದ ಮೆಕ್ಯಾನಿಕ್ ಬಿಚ್ಚಿ ಕಾರ್ಬ್ಯುರೇಟರ್ ಕೈಗೆ ಕೊಟ್ಟ, ಅದರ ಮೇಲೆ ಚೀನೀ ಅಕ್ಷರ. ಇಲ್ಲಿ ಇದನ್ನ ಯಾರೂ ಮಾಡಲ್ವಾ ಅಂತ ಕೇಳಿದೆ. "ಮಾಡೋರು ಇರ್ತಾರೆ ಅಣ್ಣ, ಮುಂದಿನ ವರ್ಷ ಎಷ್ಟು ಪೀಸ್ ಬೇಕು ಅಂತ ಹೇಳೋರು ಬೇಕಲ್ಲ" ಅಂದ. ಹೊಸದು ಬರಲು ಒಂಬತ್ತು ದಿನ ಹಿಡಿಯಿತು. ಅದೂ ಚೀನಾದ್ದೇ.